ಬಾಗಿಲಲ್ಲಿ ನಿಂತ ಕೃಪನ ಪಾಲೆಷ್ಟು?

ಪ್ರಶ್ನೆ: ನನ್ನ ತಂಗಿಯ ಮಗ ಅಗ್ನಿವೀರನಾಗಿ ಆಯ್ಕೆಯಾಗಿದ್ದಾನೆ. ಮುಂದಿನ ತಿಂಗಳು ತರಬೇತಿಗೆ ಹೊರಡುತ್ತಾನೆ. ಮೊನ್ನೆ ದೂರದ ದೇಶವೊಂದರ ಯುದ್ಧದ ಸುದ್ದಿ ನೋಡುತ್ತಿದ್ದಾಗ ಮನೆಯಲ್ಲಿ ವಾದ ಎದ್ದಿತು. ಸೈನಿಕ ಹುಕುಂ ಪಾಲಿಸುವವನು, ಆದ್ದರಿಂದ ತಪ್ಪು ಹುಕುಂ ಕೊಟ್ಟವನದು ಎಂದು ನಾನು ಹೇಳಿದೆ. ಗುಂಡು ಹಾರಿಸಿದ್ದು ಯಾರ ಕೈಯೋ ತಪ್ಪೂ ಅವನದೇ ಎಂದಳು ತಂಗಿ. ಕಳುಹಿಸಿದ್ದು ಸರಕಾರ, ಸರಕಾರವನ್ನು ಆರಿಸಿದ್ದು ಜನ, ಹಾಗಾಗಿ ಹೊಣೆ ಎಲ್ಲರದು ಎಂದರು ಭಾವ. ಕಾನೂನು ಏನು ಹೇಳುತ್ತದೆ? ಇದನ್ನೆಲ್ಲ ಹೊರಡುವ ಮುನ್ನ ಹುಡುಗನಿಗೆ ಹೇಳಬೇಕೋ ಬೇಡವೋ?
— ಕಾರವಾರ ತಾಲ್ಲೂಕಿನ ಓದುಗರು

ಉತ್ತರ: ಸೇನೆಯ ಕಾನೂನು ವಿಭಾಗದಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಕಳೆದು, ಈಗ ಶಿರಸಿಯ ಹತ್ತಿರ ಅಡಿಕೆ ತೋಟ ನೋಡಿಕೊಂಡಿರುವವನು ನಾನು. ಹಾಗಾಗಿ ನಿಮ್ಮ ಮನೆಯ ವಾದ ಓದಿದಾಗ ನನಗೆ ಮೊದಲು ನೆನಪಾದದ್ದು ಕಾನೂನಲ್ಲ, ತೋಟದ ಹಿಸೆ. ಅಣ್ಣನ ಪಾಲಿಗೆ ಒಂದು ಎಕರೆ ಹೋದರೆ ತಮ್ಮನ ಪಾಲಿನಲ್ಲಿ ಒಂದು ಎಕರೆ ಕಡಿಮೆಯಾಗಲೇಬೇಕು. ನೀವು ಮೂವರೂ ಹೊಣೆಯನ್ನು ಹೀಗೆ ಹಿಸೆ ಮಾಡಲು ಕುಳಿತಿದ್ದೀರಿ. ಅಧಿಕಾರಿಯ ಹೆಸರಿಗೆ ಬರೆದರೆ ಸೈನಿಕನ ಖಾತೆಯಿಂದ ಕಳೆಯಬೇಕು, ಸರಕಾರಕ್ಕೆ ಕೊಟ್ಟರೆ ಅಧಿಕಾರಿಗೆ ಉಳಿಯುವುದಿಲ್ಲ ಎಂಬ ಲೆಕ್ಕ. ಯುದ್ಧದ ಕಾನೂನು ಈ ಲೆಕ್ಕವನ್ನು ಒಪ್ಪುವುದಿಲ್ಲ. ಹುಕುಂ ಕೊಟ್ಟವನಿಗೆ ಪೂರ್ತಿ ಹೊಣೆ ಹೊರಿಸಿದ ಮೇಲೂ ಗುಂಡು ಹಾರಿಸಿದವನ ಹೊಣೆ ಒಂದು ಗುಂಜಿಯೂ ಕರಗುವುದಿಲ್ಲ. ಕಡಿಮೆಯಾಗಬಹುದಾದದ್ದು ಶಿಕ್ಷೆ ಮಾತ್ರ.

ಕಡಲ ಕಡೆಯ ಓದುಗರಾದ್ದರಿಂದ ಕಡಲಿನದೇ ಒಂದು ಪ್ರಕರಣ ಹೇಳುತ್ತೇನೆ. ನಾನು ಪಾಠ ಮಾಡುತ್ತಿದ್ದ ದಿನಗಳಲ್ಲಿ ಹೊಸ ಹುಡುಗರಿಗೆ ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡುತ್ತಿರಲಿಲ್ಲ. 1944ರ ಮಾರ್ಚ್ 13. ಹಿಂದೂ ಮಹಾಸಾಗರದ ಕಡೆಗೆ ಹೊರಟಿದ್ದ ಜರ್ಮನಿಯ ಯು-852 ಎಂಬ ಜಲಾಂತರ್ಗಾಮಿ, ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಪೆಲಿಯಸ್ ಎಂಬ ಗ್ರೀಕ್ ಹಡಗನ್ನು ಮುಳುಗಿಸಿತು. ಶತ್ರುಪಕ್ಷದ ಹಡಗನ್ನು ಮುಳುಗಿಸಿದ್ದರ ಬಗ್ಗೆ ಯಾರೂ ಮೊಕದ್ದಮೆ ಹೂಡಲಿಲ್ಲ, ಯುದ್ಧ ಇರುವುದೇ ಹಾಗೆ. ಆಮೇಲೆ ನಡೆದದ್ದು ಬೇರೆ. ತೆಪ್ಪಗಳನ್ನೂ ಹಡಗಿನ ಚೂರುಗಳನ್ನೂ ಹಿಡಿದು ತೇಲುತ್ತಿದ್ದ ನಾವಿಕರ ನಡುವೆ ಜಲಾಂತರ್ಗಾಮಿ ಗಂಟೆಗಟ್ಟಲೆ ಓಡಾಡಿತು, ಮೆಷಿನ್ ಗನ್ ಹಾರಿಸಿತು, ಗ್ರೆನೇಡ್ ಎಸೆಯಿತು. 35 ಮಂದಿಯ ಪೈಕಿ ವಾರಗಟ್ಟಲೆ ತೇಲಿ ಬದುಕಿ ಬಂದವರು ಮೂವರು. ತೇಲುವ ಅವಶೇಷಗಳು ಶತ್ರು ವಿಮಾನಗಳ ಕಣ್ಣಿಗೆ ಬಿದ್ದರೆ ತನ್ನ ಹಡಗು ಸಿಕ್ಕಿಬೀಳುತ್ತದೆ, ಆದ್ದರಿಂದ ಎಲ್ಲವನ್ನೂ ಮುಳುಗಿಸಬೇಕಾಯಿತು ಎಂಬುದು ನಾಯಕ ಎಕ್‌ನ ಸಮಜಾಯಿಷಿ.

1945ರ ಅಕ್ಟೋಬರ್‌ನಲ್ಲಿ ಹ್ಯಾಂಬರ್ಗ್‌ನ ಬ್ರಿಟಿಷ್ ಸೇನಾ ನ್ಯಾಯಾಲಯದ ಮುಂದೆ ಒಂದೇ ಹಡಗಿನ ಐವರು ನಿಂತರು. ಹುಕುಂ ಕೊಟ್ಟ ಎಕ್‌ಗೆ ಮರಣದಂಡನೆ. ಹುಕುಂ ಪಾಲಿಸಿದ ಅಧಿಕಾರಿ ಹಾಫ್‌ಮನ್‌ಗೂ ಅದೇ. ಹಡಗಿನ ವೈದ್ಯ ವೈಸ್‌ಫೆನಿಂಗ್‌ಗೂ ಅದೇ. ಗಾಯಾಳುಗಳನ್ನು ಬದುಕಿಸಬೇಕಾದವನು ಬಂದೂಕು ಹಿಡಿದಿದ್ದ. ಷ್ವೆಂಡರ್ ಎಂಬ ಕೆಳಹಂತದ ನಾವಿಕನಿಗೆ 15 ವರ್ಷ ಜೈಲು. ಐದನೆಯವನಾದ ಎಂಜಿನಿಯರ್ ಲೆಂಟ್ಸ್ ನನ್ನನ್ನು ಇಂದಿಗೂ ಕಾಡುವವನು. ಹುಕುಂ ಕೇಳಿದಾಗ ಇದು ತನಗೆ ಒಪ್ಪಿಗೆಯಿಲ್ಲ ಎಂದು ನಾಯಕನಿಗೆ ಹೇಳಿದವನು ಈ ಐವರಲ್ಲಿ ಅವನೊಬ್ಬನೇ. ಆದರೆ ಕೊನೆಗೆ ಅವನೂ ಗುಂಡು ಹಾರಿಸಿದ. ಅವನಿಗೆ ಜೀವಾವಧಿ. ಆಕ್ಷೇಪಿಸಿದ್ದರಿಂದ ಜೀವ ಉಳಿಯಿತು ಎನ್ನಬಹುದು. ಆದರೆ ಗಮನಿಸಿ, ಹುಕುಂ ಪಾಲಿಸಿದ ಕೆಳಗಿನ ನಾವಿಕನಿಗಿಂತ ಅವನಿಗೆ ಹೆಚ್ಚು ಶಿಕ್ಷೆಯಾಯಿತು. ತಪ್ಪೆಂದು ಮನಗಂಡು ಮಾಡಿದವನು, ತಿಳಿಯದೆ ಮಾಡಿದವನಿಗಿಂತ ಹಗುರಾಗುವುದು ಹೇಗೆ? ತರಗತಿಯಲ್ಲಿ ಈ ಜಾಗಕ್ಕೆ ಬಂದಾಗ ಹುಡುಗರು ಎದ್ದು ಕುಳಿತುಕೊಳ್ಳುತ್ತಿದ್ದರು. ಅಲ್ಲಿಯವರೆಗೆ, ಊಟವಾದ ಮೇಲಿನ ತರಗತಿಯಾದ್ದರಿಂದ, ಅರ್ಧ ಮಂದಿ ತೂಕಡಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಇದು ಗೆದ್ದವರು ಸೋತವರಿಗೆ ಮಾಡಿದ ನ್ಯಾಯ, ನಮ್ಮ ಕಾನೂನಿನಲ್ಲಿ ಏನಿದೆ ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. 1950ರ ಸೇನಾ ಕಾಯ್ದೆಯ 41ನೇ ಕಲಮು ಹುಕುಂ ಮೀರಿದವನಿಗೆ ಕಠಿಣ ಶಿಕ್ಷೆ ಹೇಳುತ್ತದೆ, 14 ವರ್ಷದವರೆಗೂ ಹೋಗಬಹುದು. ಆದರೆ ಅಲ್ಲಿರುವ ಶಬ್ದ ಬರಿಯ ಹುಕುಂ ಅಲ್ಲ, ಕಾನೂನುಬದ್ಧ ಹುಕುಂ. ನೌಕಾ ಕಾಯ್ದೆಯಲ್ಲೂ ಅದೇ ವಿಶೇಷಣವಿದೆ. ಕಾನೂನಿಗೆ ವಿರುದ್ಧವಾದ ಹುಕುಮನ್ನು ಪಾಲಿಸದಿದ್ದರೆ ಆ ಕಲಮಿನಡಿ ಅಪರಾಧವೇ ಆಗುವುದಿಲ್ಲ. ಅಪರಾಧ ಸಂಹಿತೆಯಲ್ಲಿ ಇನ್ನೊಂದಿದೆ. ಹಳೆಯ ದಂಡ ಸಂಹಿತೆಯ 76ನೇ ಕಲಮು, ಈಗ ಭಾರತೀಯ ನ್ಯಾಯ ಸಂಹಿತೆಯ 14ನೇ ಕಲಮು. ಮೇಲಧಿಕಾರಿಯ ಹುಕುಮಿನಂತೆ, ಕಾನೂನಿನ ಆಜ್ಞೆಗೆ ಅನುಸಾರವಾಗಿ, ಸೈನಿಕನೊಬ್ಬ ಗುಂಪಿನ ಮೇಲೆ ಗುಂಡು ಹಾರಿಸಿದರೆ ಅವನು ಅಪರಾಧಿಯಲ್ಲ ಎಂಬ ಉದಾಹರಣೆ ಅದರಲ್ಲಿದೆ. ಬ್ಯಾರಕ್‌ಗಳಲ್ಲಿ ಈ ವಾಕ್ಯದ ಮೊದಲ ತುಂಡೂ ಕೊನೆಯ ತುಂಡೂ ಎಲ್ಲರ ಬಾಯಲ್ಲಿರುತ್ತದೆ. ನಡುವಿನದು, ಕಾನೂನಿನ ಆಜ್ಞೆಗೆ ಅನುಸಾರವಾಗಿ ಎಂಬುದು, ಯಾಕೋ ಉದುರಿಹೋಗಿರುತ್ತದೆ.

ಹುಕುಂ ಕಾನೂನುಬದ್ಧವೋ ಅಲ್ಲವೋ ಎಂದು ಹತ್ತೊಂಬತ್ತು ವರ್ಷದ ಹುಡುಗ ಹೇಗೆ ನಿರ್ಧರಿಸಬೇಕು? ಎಲ್ಲ ಹುಕುಮುಗಳನ್ನೂ ತೂಗಿ ನೋಡು ಎಂದು ಕಾನೂನು ಅವನಿಗೆ ಹೇಳುವುದಿಲ್ಲ. ಈ ಸೇತುವೆ ಒಡೆಯಬಹುದೇ, ಆ ಕಟ್ಟಡ ಶತ್ರುವಿನ ನೆಲೆಯೇ ಎಂಬಂಥ ಪ್ರಶ್ನೆಗಳಲ್ಲಿ ಅಧಿಕಾರಿಯ ಮಾತನ್ನು ನಂಬಿ ನಡೆಯಲು ಅವನಿಗೆ ಹಕ್ಕಿದೆ. ಅವನು ನಿಲ್ಲಬೇಕಾದದ್ದು ನೋಡಿದ ತಕ್ಷಣ ಹೊಟ್ಟೆ ತೊಳಸುವಂಥ ಹುಕುಮಿನೆದುರು. ಇಸ್ರೇಲಿನ ನ್ಯಾಯಾಧೀಶರೊಬ್ಬರು ಇದಕ್ಕೆ ಕೊಟ್ಟ ಉಪಮೆ ಈಗ ಜಗತ್ತಿನ ಎಲ್ಲ ಸೇನಾ ಕಾನೂನು ಶಾಲೆಗಳಲ್ಲಿ ಓಡಾಡುತ್ತಿದೆ: ಅಂಥ ಹುಕುಮಿನ ಮೇಲೆ ಕಪ್ಪು ಬಾವುಟ ಹಾರುತ್ತಿರುತ್ತದೆ. ಕಾರವಾರದವರಿಗೆ ಇದನ್ನು ವಿವರಿಸಬೇಕಿಲ್ಲ. ಬಂದರಿನಲ್ಲಿ ಬಿರುಗಾಳಿಯ ಸೂಚನೆ ಏರಿಸಿದ್ದನ್ನು ನೋಡಿಯೂ ದೋಣಿ ಇಳಿಸಿದವನು, ಹವಾಮಾನಶಾಸ್ತ್ರ ನನಗೆ ತಿಳಿಯದು ಎಂದರೆ ಯಾರು ಕೇಳುತ್ತಾರೆ?

ಆ ಮಾತು ಬಂದ ಪ್ರಕರಣವನ್ನೂ ಹೇಳಬೇಕು. 1956ರ ಅಕ್ಟೋಬರ್ 29ರಂದು ಕಫ್ರ್ ಕಾಸಿಮ್ ಎಂಬ ಅರಬ್ ಹಳ್ಳಿಯಲ್ಲಿ ಸಂಜೆ ಐದರಿಂದ ಕರ್ಫ್ಯೂ ಎಂದು ಸಾರಿದ್ದು ನಾಲ್ಕೂವರೆಗೆ. ಹೊಲಗದ್ದೆಗೆ ಹೋದವರಿಗೆ ಸುದ್ದಿ ಮುಟ್ಟುವಂತೆಯೇ ಇರಲಿಲ್ಲ. ಸೈಕಲ್ಲಿನಲ್ಲಿ, ಗಾಡಿಯಲ್ಲಿ ಮನೆಗೆ ಮರಳುತ್ತಿದ್ದವರನ್ನು ಇಸ್ರೇಲಿನ ಗಡಿ ಪೊಲೀಸರು ಕೊಂದರು. ಸತ್ತವರು 50ರ ಹತ್ತಿರ, ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಕರ್ಫ್ಯೂ ಮೀರಿದವರಿಗೆ ಗುಂಡು ಎಂಬ ಹುಕುಂ ಅಕ್ಕಪಕ್ಕದ ಹಳ್ಳಿಗಳಲ್ಲಿದ್ದ ತುಕಡಿಗಳಿಗೂ ಹೋಗಿತ್ತು. ಅಲ್ಲಿನ ಕಿರಿಯ ಅಧಿಕಾರಿಗಳು ಮರಳಿ ಬಂದವರನ್ನು ಮನೆಗೆ ಹೋಗಗೊಟ್ಟರು. ಹುಕುಂ ಒಂದೇ, ದಿನ ಒಂದೇ, ಪಡೆಯೂ ಒಂದೇ. ಒಂದು ಹಳ್ಳಿಯಲ್ಲಿ ಹೆಣಗಳ ಸಾಲು, ಪಕ್ಕದಲ್ಲಿ ಜನ ಊಟ ಮಾಡಿ ಮಲಗಿದರು. ಹುಕುಮೇ ಎಲ್ಲವನ್ನೂ ಮಾಡಿಸಿತು ಎನ್ನುವವರಿಗೆ ನಾನು ಈ ಪಕ್ಕದ ಹಳ್ಳಿಗಳನ್ನು ತೋರಿಸುತ್ತೇನೆ. (ಎಂಟು ಮಂದಿಗೆ ಶಿಕ್ಷೆಯಾಯಿತು, ಕೆಲವೇ ವರ್ಷಗಳಲ್ಲಿ ಎಲ್ಲರೂ ಹೊರಬಂದರು. ಇಡೀ ಪ್ರದೇಶದ ಉಸ್ತುವಾರಿ ಹೊತ್ತಿದ್ದ ಬ್ರಿಗೇಡ್ ಮುಖ್ಯಸ್ಥನಿಗೆ ಬಿದ್ದ ದಂಡ ಆ ದೇಶದ ಚಿಲ್ಲರೆ ನಾಣ್ಯದಲ್ಲಿ ಹತ್ತು ಪ್ರುಟಾ. ನಮ್ಮಲ್ಲಿ ಹತ್ತು ಪೈಸೆ ಅಂದುಕೊಳ್ಳಿ.)

ಪಾಲಿಸದಿದ್ದರೆ ತಲೆ ಹೋಗುತ್ತಿತ್ತು ಎಂಬ ವಾದವನ್ನೂ ಬಹಳ ಕೇಳಿದ್ದೇನೆ. ನಿಜವಾಗಿಯೂ ತಲೆಗೆ ಬಂದೂಕು ಹಿಡಿದಿದ್ದರೆ ನ್ಯಾಯಾಲಯ ಅದನ್ನು ಪರಿಗಣಿಸುತ್ತದೆ. ಆದರೆ ಇತಿಹಾಸದಲ್ಲಿ ಆ ಬಂದೂಕು ನಾವು ಊಹಿಸುವಷ್ಟು ಸಲ ಇರಲಿಲ್ಲ. 1942ರ ಜುಲೈನಲ್ಲಿ ಪೋಲೆಂಡಿನ ಯೂಜೆಫೂಫ್ ಊರಿನ ಯಹೂದಿಗಳನ್ನು ಕೊಲ್ಲಲು ಕರೆತಂದ ಜರ್ಮನ್ ಪೊಲೀಸ್ ದಳದಲ್ಲಿ ಸುಮಾರು 500 ಮಂದಿ ಇದ್ದರು. ಇಷ್ಟವಿಲ್ಲದ ಹಿರಿಯರು ಹೊರಗುಳಿಯಬಹುದು ಎಂದು ಮೇಜರ್ ತಾನಾಗಿಯೇ ಹೇಳಿದ. ಆಗ ಮುಂದೆ ಬಂದು ಹೊರಗುಳಿದವರು ಹನ್ನೆರಡು ಮಂದಿಯ ಆಸುಪಾಸು. ಅವರನ್ನು ಯಾರೂ ಗುಂಡಿಟ್ಟು ಕೊಲ್ಲಲಿಲ್ಲ. ಉಳಿದವರು ಹೆದರಿದ್ದು ಸಾವಿಗಲ್ಲ, ಜೊತೆಗಾರರ ಎದುರು ಹೇಡಿ ಎನಿಸಿಕೊಳ್ಳುವುದಕ್ಕೆ. ನಿಮ್ಮ ಹುಡುಗನಿಗೂ ಹೆಚ್ಚಾಗಿ ಎದುರಾಗುವುದು ಈ ಭಯವೇ.

ಬೆಲೆ ತೆರಬೇಕಾದ ಸಂದರ್ಭಗಳೂ ಇವೆ, ಇಲ್ಲವೆಂದರೆ ಸುಳ್ಳಾಗುತ್ತದೆ. 1930ರ ಏಪ್ರಿಲ್‌ನಲ್ಲಿ, ಇಲ್ಲಿ ಅಂಕೋಲೆಯ ತೀರದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯುತ್ತಿದ್ದ ತಿಂಗಳಲ್ಲೇ, ಪೇಶಾವರದ ಕಿಸ್ಸಾಖ್ವಾನಿ ಬಜಾರಿನಲ್ಲಿ ನಿರಾಯುಧ ಪಠಾಣರ ಮೇಲೆ ಗುಂಡು ಹಾರಿಸಲು ಗಢವಾಲ್ ರೈಫಲ್ಸ್‌ನ ಚಂದ್ರಸಿಂಗ್ ಮತ್ತು ಅವನ ಜೊತೆಗಾರರು ನಿರಾಕರಿಸಿದರು. ಕೋರ್ಟ್ ಮಾರ್ಷಲ್ ಅವನಿಗೆ ಜೀವಾವಧಿ ವಿಧಿಸಿತು. ಅವನು ಹೊರಬಂದದ್ದು 1941ರಲ್ಲಿ. ಪೇಶಾವರದ ಘಟನೆಗೆ ಹನ್ನೊಂದು ವರ್ಷ ಮೊದಲು, 1919ರ ಏಪ್ರಿಲ್ 13ರಂದು, ಜಲಿಯನ್‌ವಾಲಾ ಬಾಗಿನಲ್ಲಿ ಡಯರ್‌ನ ಹುಕುಮಿಗೆ 50 ಸಿಪಾಯಿಗಳು ಸುಮಾರು ಹತ್ತು ನಿಮಿಷದಲ್ಲಿ 1,650 ಗುಂಡು ಹಾರಿಸಿದ್ದರು. ಸರಕಾರಿ ಲೆಕ್ಕದಲ್ಲೇ 379 ಸಾವು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಡಯರ್ ಮಾತ್ರ ಇದ್ದಾನೆ. ಆ 50 ಮಂದಿ ಗೂರ್ಖಾಗಳು, ಬಲೂಚಿಗಳು, ನಮ್ಮ ನೆಲದವರು ಎಂಬುದನ್ನು ಯಾರೂ ಮುಂದೆ ಮಾಡುವುದಿಲ್ಲ. ಅವರ ಮೇಲೆ ಮೊಕದ್ದಮೆಯೂ ಇಲ್ಲ, ಅವರನ್ನು ಕುರಿತು ಒಂದು ಪ್ರಶ್ನೆಯೂ ಇಲ್ಲ. ಹುಕುಂ ಕೊಟ್ಟವನದೇ ತಪ್ಪು ಎಂಬ ನಿಮ್ಮ ಪಕ್ಷವನ್ನು ನಾವು ಒಂದು ದೇಶವಾಗಿ ಯಾವತ್ತೋ ಸದ್ದಿಲ್ಲದೆ ಒಪ್ಪಿಕೊಂಡುಬಿಟ್ಟಿದ್ದೇವೆ ಅನ್ನಿಸುತ್ತದೆ. ಪೇಶಾವರದ ಸಿಪಾಯಿಗಳು ಇದ್ದರು ಎಂಬ ಒಂದೇ ಕಾರಣಕ್ಕೆ ನನಗೆ ಅದನ್ನು ಒಪ್ಪಲಾಗುವುದಿಲ್ಲ.

ಈಗ ನಾಯಕರ ವಿಷಯ. ಹುಕುಂ ಕೊಟ್ಟ ನಾಯಕನ ಬಗ್ಗೆ ಕಾನೂನಿನಲ್ಲಿ ತಕರಾರೇ ಇಲ್ಲ. ತಕರಾರಿರುವುದು ಹುಕುಂ ಕೊಡದ ನಾಯಕನ ಬಗ್ಗೆ. 1945ರಲ್ಲಿ ಮನಿಲಾ ನಗರದಲ್ಲಿ ಜಪಾನೀ ಪಡೆಗಳು ಲಕ್ಷದ ಸುಮಾರಿಗೆ ನಾಗರಿಕರ ಸಾವಿಗೆ ಕಾರಣವಾದಾಗ, ಫಿಲಿಪ್ಪೀನ್ಸ್‌ನ ಮಹಾದಂಡನಾಯಕ ಯಮಾಶಿತ ದೂರದ ಬೆಟ್ಟಗಳಲ್ಲಿದ್ದ. ನಗರದಲ್ಲಿದ್ದ ನೌಕಾಪಡೆಯ ತುಕಡಿಗಳು ಅವನ ಹಿಂತೆಗೆತದ ಆಜ್ಞೆಯನ್ನೇ ಪಾಲಿಸಿರಲಿಲ್ಲ. ಆದರೂ ಪಡೆಯನ್ನು ಹತೋಟಿಯಲ್ಲಿಡಲಿಲ್ಲ ಎಂಬ ಕಾರಣಕ್ಕೆ 1946ರ ಫೆಬ್ರವರಿ 23ರಂದು ಅವನನ್ನು ಗಲ್ಲಿಗೇರಿಸಿದರು. ಅಮೆರಿಕದ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಆ ವಿಚಾರಣೆಯ ಅವಸರವನ್ನು ಕಟುವಾಗಿ ಖಂಡಿಸಿ ಭಿನ್ನ ತೀರ್ಪು ಬರೆದರು. ನನ್ನ ಅಭಿಪ್ರಾಯ ಕೇಳಿದರೆ, ಅಲ್ಲಿ ಹುಟ್ಟಿದ ತತ್ತ್ವ ಒಳ್ಳೆಯದು, ಅದನ್ನು ಹುಟ್ಟಿಸಿದ ಮೊಕದ್ದಮೆ ಒಳ್ಳೆಯದಲ್ಲ. ಈಗ ಆ ತತ್ತ್ವ ಇನ್ನಷ್ಟು ಹದಗೊಂಡಿದೆ. 2002ರ ಜುಲೈನಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನದ ಪ್ರಕಾರ, ತನ್ನ ಹತೋಟಿಯಲ್ಲಿರುವ ಸೈನಿಕರು ಅಪರಾಧ ಮಾಡುತ್ತಿದ್ದಾರೆಂದು ತಿಳಿದಿದ್ದ, ಅಥವಾ ಆ ಪರಿಸ್ಥಿತಿಯಲ್ಲಿ ತಿಳಿದಿರಲೇಬೇಕಿದ್ದ ಸೇನಾ ನಾಯಕ ಅದನ್ನು ತಡೆಯದಿದ್ದರೆ, ಆದ ಮೇಲೆ ವಿಚಾರಣೆಗೆ ಒಪ್ಪಿಸದಿದ್ದರೆ ಹೊಣೆಗಾರ. ಭಾರತ ಆ ಶಾಸನಕ್ಕೆ ಸಹಿ ಹಾಕಿಲ್ಲ.

ಇಷ್ಟು ಹೇಳಿದ ಮೇಲೆ ಕೃಪನ ಕಡೆಗೆ ಬರುತ್ತೇನೆ. ಶಿರಸಿ, ಸಿದ್ದಾಪುರದ ಕಡೆಯ ತಾಳಮದ್ದಲೆಗಳಲ್ಲಿ ಅಶ್ವತ್ಥಾಮನ ಅರ್ಥಕ್ಕೆ ಜನ ಸೇರುತ್ತಾರೆ. ನಾನು ಮಾತ್ರ ಕೃಪನ ಅರ್ಥ ಹೇಳುವವರು ಏನು ಮಾಡುತ್ತಾರೆಂದು ಕಾದು ಕೂರುತ್ತೇನೆ. ಕಥೆ ನಿಮಗೆ ಗೊತ್ತಿರುವುದೇ. ತೊಡೆ ಮುರಿದು ಬಿದ್ದ ದುರ್ಯೋಧನ ಅಶ್ವತ್ಥಾಮನಿಗೆ ಸೇನಾಪತ್ಯ ಕೊಡುತ್ತಾನೆ. ಅಭಿಷೇಕ ಮಾಡುವವನು ಕೃಪ. ಆ ರಾತ್ರಿ ಆಲದ ಮರದ ಕೆಳಗೆ, ಮಲಗಿದ ಕಾಗೆಗಳನ್ನು ಗೂಬೆ ಕೊಲ್ಲುವುದನ್ನು ನೋಡಿ ಅಶ್ವತ್ಥಾಮನಿಗೆ ಉಪಾಯ ಹೊಳೆಯುತ್ತದೆ. ಮಲಗಿದವರನ್ನು ಕೊಲ್ಲುವುದು ಅಧರ್ಮ, ಬೆಳಗಾಗಲಿ, ಹಿರಿಯರನ್ನು ಕೇಳೋಣ ಎಂದು ಕೃಪ ಹೇಳುತ್ತಾನೆ, ಚೆನ್ನಾಗಿಯೇ ಹೇಳುತ್ತಾನೆ. ನನ್ನ ತಂದೆಯನ್ನು ಶಸ್ತ್ರ ಬಿಟ್ಟು ಕುಳಿತಾಗ ಕೊಂದರಲ್ಲ, ಧರ್ಮದ ಕಟ್ಟೆ ಮೊದಲು ಒಡೆದವರು ಅವರೇ ಅಲ್ಲವೇ ಎಂದು ಅಶ್ವತ್ಥಾಮ ಕೇಳುತ್ತಾನೆ. ಕೃಪ ಸುಮ್ಮನಾಗುತ್ತಾನೆ. ಆಮೇಲೆ ಅವನ ಹಿಂದೆಯೇ ಹೋಗಿ, ಕೃತವರ್ಮನ ಜೊತೆಗೆ ಪಾಳೆಯದ ಬಾಗಿಲಲ್ಲಿ ನಿಂತು, ಓಡಿ ಬಂದವರನ್ನು ಕೊಲ್ಲುತ್ತಾನೆ. ಅಶ್ವತ್ಥಾಮನ ಹಣೆಯ ಮಣಿ ಹೋಗುತ್ತದೆ, ಶಾಪ ತಗಲುತ್ತದೆ. ಕೃಪನಿಗೆ? ಅವನು ಮುಂದೆ ಪರೀಕ್ಷಿತನ ಗುರುವಾಗುತ್ತಾನೆ. ಗೆದ್ದವರ ಮನೆಯಲ್ಲೇ ನೇಮಕಾತಿ. ನನ್ನ ವೃತ್ತಿಯುದ್ದಕ್ಕೂ ಕಡತಗಳಲ್ಲಿ ನನಗೆ ಎದುರಾದವನು ಈ ಕೃಪ. ಮೇಲಿನವನನ್ನೂ ಕೆಳಗಿನವನನ್ನೂ ಗುರುತಿಸುವುದು ಕಷ್ಟವಲ್ಲ. ತಿಳಿದವನು, ಒಳ್ಳೆಯವನು, ಆಕ್ಷೇಪವನ್ನೂ ಹೇಳಿದವನು, ಆಮೇಲೆ ಬಾಗಿಲು ಕಾದವನು, ಬೆಳಗಾದ ಮೇಲೆ ಅಚ್ಚುಕಟ್ಟಾದ ವರದಿ ಬರೆದವನು ಕಾನೂನಿನ ಬಲೆಯ ಕಣ್ಣಿನಿಂದ ನುಣುಚಿಕೊಳ್ಳುತ್ತಾನೆ.

ವಿಯೆಟ್ನಾಮಿನ ಮೈ ಲಾಯ್ ಇದಕ್ಕೆ ಚೊಕ್ಕ ಉದಾಹರಣೆ. 1968ರ ಮಾರ್ಚ್ 16ರ ಬೆಳಿಗ್ಗೆ ಅಮೆರಿಕದ ಸೈನಿಕರು ಅಲ್ಲಿ ಮುದುಕರನ್ನೂ ಹೆಂಗಸರನ್ನೂ ಮಕ್ಕಳನ್ನೂ ಕೊಂದರು. ಅಮೆರಿಕದ ಸೇನೆಯ ಎಣಿಕೆ 347, ವಿಯೆಟ್ನಾಮಿನ ಸ್ಮಾರಕದಲ್ಲಿರುವುದು 504. ಆ ದಿನ ಮೇಲಕ್ಕೆ ಹೋದ ವರದಿ: ಸತ್ತ ಶತ್ರುಗಳು 128, ವಶಪಡಿಸಿಕೊಂಡ ಬಂದೂಕು ಮೂರು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟ ಯಾವ ಗುಮಾಸ್ತನಿಗೂ ಸಂಶಯ ಬರಬೇಕಿತ್ತು. 128 ಯೋಧರು ಮೂರು ಬಂದೂಕು ಹಿಡಿದು ಹೋರಾಡುತ್ತಾರೆಯೇ? ಬ್ರಿಗೇಡ್ ಮುಖ್ಯಸ್ಥ ಹೆಂಡರ್ಸನ್ ವಿಚಾರಿಸಿ, ಸುಮಾರು 20 ನಾಗರಿಕರು ಫಿರಂಗಿ ದಾಳಿಯಲ್ಲಿ ಆಕಸ್ಮಿಕವಾಗಿ ಸತ್ತರೆಂದು ಬರೆದ. ಒಂದು ವರ್ಷ ಕಡತ ತಣ್ಣಗಿತ್ತು. ಆ ದಿನ ಅಲ್ಲಿರದಿದ್ದ ರೈಡನ್‌ಹವರ್ ಎಂಬ ಸೈನಿಕ, ಸ್ನೇಹಿತರ ಬಾಯಿಂದ ಕೇಳಿದ್ದನ್ನೆಲ್ಲ ಪತ್ರವಾಗಿ ಬರೆದು 1969ರಲ್ಲಿ ಸಂಸದರಿಗೂ ಅಧಿಕಾರಿಗಳಿಗೂ ಕಳುಹಿಸಿದ ಮೇಲೆ ಅದು ಎದ್ದಿತು. ಕೊನೆಗೆ ಶಿಕ್ಷೆಯಾದದ್ದು ಲೆಫ್ಟಿನೆಂಟ್ ಕ್ಯಾಲಿ ಒಬ್ಬನಿಗೆ. ಅವನ ಮೇಲಿನ ಕ್ಯಾಪ್ಟನ್ ಮೆಡಿನಾ ಖುಲಾಸೆ. ಹೆಂಡರ್ಸನ್ ಖುಲಾಸೆ. ಡಿವಿಜನ್ ಮುಖ್ಯಸ್ಥ ಜನರಲ್ ಕೋಸ್ಟರ್ ಮೇಲಿನ ಆರೋಪ ಕೈಬಿಟ್ಟು ಒಂದು ನಕ್ಷತ್ರ ಕಿತ್ತುಕೊಂಡರು. ಜೀವಾವಧಿ ಶಿಕ್ಷೆಯಾಗಿದ್ದ ಕ್ಯಾಲಿಯೂ ಮೂರೂವರೆ ವರ್ಷದ ಗೃಹಬಂಧನದ ನಂತರ ಹೊರಬಂದ.

ಶತ್ರು ಮೊದಲು ಮಾಡಿದ್ದ ಎಂಬ ಅಶ್ವತ್ಥಾಮನ ವಾದಕ್ಕೆ ನಿಮ್ಮೂರಿನ ಎದುರಿಗೇ ಉತ್ತರವಿದೆ. 1961ರ ಡಿಸೆಂಬರ್ 18ರಂದು, ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ, ಬಿಣಗಾದ ಆಚೆಗಿನ ಅಂಜದೀವ ನಡುಗಡ್ಡೆಗೆ ನಮ್ಮ ನೌಕಾಪಡೆಯ ತುಕಡಿ ಇಳಿಯಿತು. ಪೋರ್ಚುಗೀಸರು ಬಿಳಿ ಬಾವುಟ ತೋರಿಸಿ, ದೋಣಿಗಳು ಹತ್ತಿರ ಬಂದಾಗ ಗುಂಡು ಹಾರಿಸಿದರು ಎಂಬುದು ಭಾರತೀಯ ನೌಕಾಪಡೆಯ ಕಥನ. ಏಳು ನಾವಿಕರು ಸತ್ತರು, 19 ಮಂದಿ ಗಾಯಗೊಂಡರು. ಬಿಳಿ ಬಾವುಟದ ದುರುಪಯೋಗ 1907ರ ಹೇಗ್ ನಿಯಮಗಳ ಪ್ರಕಾರವೇ ನಿಷಿದ್ಧ. ನಮ್ಮ ಯುದ್ಧನೌಕೆಗಳು ನಡುಗಡ್ಡೆಯ ಮೇಲೆ ಫಿರಂಗಿ ಹಾರಿಸಿದವು, ಮರುದಿನ ಅಲ್ಲಿದ್ದವರು ಶರಣಾದರು, ಅವರನ್ನು ಸೆರೆಯಾಳುಗಳಾಗಿ ತಂದರು. ಮೋಸಕ್ಕೆ ಸಿಟ್ಟು ಬರುವುದು ಸಹಜ. ಶರಣಾದವನ ಮೇಲೆ ಆ ಸಿಟ್ಟು ತೀರಿಸಿಕೊಂಡಿದ್ದರೆ ಅದು ನಮ್ಮ ಅಪರಾಧವಾಗುತ್ತಿತ್ತು, ಅವರ ಬಾವುಟ ನಮಗೆ ರಕ್ಷಣೆ ಕೊಡುತ್ತಿರಲಿಲ್ಲ.

ಭಾವನವರ ಮಾತಿಗೆ ಬರೋಣ. ಸರಕಾರದ ಹೊಣೆ ಎಂಬುದು ಬರಿಯ ಯುದ್ಧ ಸಾರುವುದರಲ್ಲಿಲ್ಲ, ಆದ ಮೇಲೆ ಯಾರನ್ನು ನ್ಯಾಯಾಲಯಕ್ಕೆ ಕಳುಹಿಸುತ್ತದೆ ಎಂಬುದರಲ್ಲೂ ಇದೆ. 1971ರ ಯುದ್ಧದ ನಂತರ ನಮ್ಮ ವಶದಲ್ಲಿದ್ದ ಸುಮಾರು 93,000 ಪಾಕಿಸ್ತಾನಿ ಸೆರೆಯಾಳುಗಳಲ್ಲಿ 195 ಮಂದಿಯನ್ನು ಯುದ್ಧಾಪರಾಧಕ್ಕಾಗಿ ವಿಚಾರಣೆ ಮಾಡಲು ಬಾಂಗ್ಲಾದೇಶ ಹೊರಟಿತ್ತು. ಪಾಕಿಸ್ತಾನ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. 1974ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಮೂರು ದೇಶಗಳು ಕುಳಿತು ಒಪ್ಪಂದ ಮಾಡಿಕೊಂಡವು, 195 ಮಂದಿಯೂ ಮನೆಗೆ ಹೋದರು. ರಾಜತಾಂತ್ರಿಕವಾಗಿ ಅದು ಅನಿವಾರ್ಯವಾಗಿತ್ತು ಎನ್ನುವವರಿದ್ದಾರೆ, ಇರಬಹುದು. ಹತ್ಯೆಗೊಳಗಾದವರ ಮನೆಯವರನ್ನು ಆ ಮೇಜಿಗೆ ಯಾರೂ ಕರೆದಿರಲಿಲ್ಲ.

ನಮ್ಮ ಮನೆಯೊಳಗೂ ಇದೇ ಗಂಟು ಇದೆ. ಯುದ್ಧದಲ್ಲಿ ಗಾಯಾಳುಗಳನ್ನೂ ಸೆರೆಯಾಳುಗಳನ್ನೂ ನಾಗರಿಕರನ್ನೂ ಕಾಪಾಡುವ ಜಿನೀವಾ ಒಪ್ಪಂದಗಳ ಘೋರ ಉಲ್ಲಂಘನೆಯನ್ನು ಶಿಕ್ಷಿಸುವ 1960ರ ನಮ್ಮ ಕಾಯ್ದೆಯಡಿ ಸರಕಾರದ ಕಡೆಯಿಂದ ದೂರು ಬಂದರೆ ಮಾತ್ರ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳಬಹುದು. ಸಶಸ್ತ್ರ ಪಡೆಗಳ 1958ರ ವಿಶೇಷಾಧಿಕಾರ ಕಾಯ್ದೆಯ 6ನೇ ಕಲಮಿನಂತೆ, ಆ ಕಾಯ್ದೆಯಡಿ ಕೆಲಸ ಮಾಡಿದ ಸೈನಿಕನ ಮೇಲೆ ಮೊಕದ್ದಮೆ ಹೂಡಲು ಕೇಂದ್ರದ ಪೂರ್ವಾನುಮತಿ ಬೇಕು. ಮಣಿಪುರದಲ್ಲಿ ಪೊಲೀಸರೂ ಸಶಸ್ತ್ರ ಪಡೆಗಳೂ ಅನ್ಯಾಯವಾಗಿ ಕೊಂದರೆನ್ನಲಾದ 1,528 ಮಂದಿಯ ಕುರಿತ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2016ರ ಜುಲೈನಲ್ಲಿ ಸೈನಿಕರಿಗೆ ಸಂಪೂರ್ಣ ವಿನಾಯಿತಿ ಎಂಬುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. 2021ರ ಡಿಸೆಂಬರ್‌ನಲ್ಲಿ ನಾಗಾಲ್ಯಾಂಡಿನ ಓಟಿಂಗ್‌ನಲ್ಲಿ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಆರು ಗಣಿ ಕಾರ್ಮಿಕರು ಸೇನೆಯ ಗುಂಡಿಗೆ ಸತ್ತಾಗ, ರಾಜ್ಯದ ಪೊಲೀಸರು 30 ಸೈನಿಕರ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸಿದರು. ಕೇಂದ್ರ ಅನುಮತಿ ಕೊಡಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಮುಗಿಸಿತು, ಅನುಮತಿ ಸಿಕ್ಕರೆ ಮುಂದುವರಿಯಬಹುದು ಎಂಬ ಬಾಗಿಲನ್ನು ತೆರೆದಿಟ್ಟು. ಅದು ಯುದ್ಧವಾಗಿರಲಿಲ್ಲ, ತಪ್ಪು ಗುರುತಿನಿಂದ ಆದ ಸಾವುಗಳೆಂದೇ ಸರಕಾರ ಸಂಸತ್ತಿನಲ್ಲಿ ವಿಷಾದ ಹೇಳಿತ್ತು. ಸೈನಿಕರನ್ನು ಸುಳ್ಳು ಮೊಕದ್ದಮೆಗಳಿಂದ ಕಾಪಾಡಬೇಕು ಎಂಬುದರಲ್ಲಿ ಎರಡು ಮಾತಿಲ್ಲ, ನಾನೂ ಅಂಥವರ ಪರವಾಗಿ ನಿಂತಿದ್ದೇನೆ. ಆದರೆ ಕಾರಣವನ್ನು ವಿವರವಾಗಿ ಹೇಳದೆ ಅನುಮತಿ ತಡೆಹಿಡಿದರೆ, ತಪ್ಪು ಮಾಡದ ಸೈನಿಕನ ಮೇಲಿನ ಸಂಶಯವೂ ಹಾಗೆಯೇ ಉಳಿದುಬಿಡುತ್ತದೆ.

ಜನರಾದ ನಮ್ಮ ವಿಷಯಕ್ಕೆ ನನ್ನ ಬಳಿ ಕಲಮಿಲ್ಲ. ಎರಡನೆಯ ಮಹಾಯುದ್ಧದ ನಂತರ ನಾಜಿ ನಾಯಕರ ವಿಚಾರಣೆ ನಡೆಸಿದ ನ್ಯೂರೆಂಬರ್ಗ್‌ನ ತೀರ್ಪು, ಅಪರಾಧಗಳನ್ನು ಮಾಡುವವರು ಮನುಷ್ಯರು, ಅಮೂರ್ತ ಸಂಸ್ಥೆಗಳಲ್ಲ ಎಂದಿತು. ಆ ಮಾತಿನ ಇನ್ನೊಂದು ಮುಖವೆಂದರೆ ಒಂದು ಇಡೀ ಜನಾಂಗವನ್ನು ಕಟಕಟೆಯಲ್ಲಿ ನಿಲ್ಲಿಸುವಂತಿಲ್ಲ. ಎಲ್ಲರದೂ ತಪ್ಪು ಎಂದ ಕೂಡಲೇ ಯಾರದೂ ಆಗದೆ ಹೋಗುತ್ತದೆ, ಅದಕ್ಕೇ ಭಾವನವರ ವಾದ ನನಗೆ ಸ್ವಲ್ಪ ಭಯ ಹುಟ್ಟಿಸುತ್ತದೆ. ಆದರೆ ಜನ ಆಮೇಲೆ ಏನು ಮಾಡುತ್ತಾರೆ ಎಂಬುದು ಅವರದೇ ಲೆಕ್ಕಕ್ಕೆ ಸೇರುತ್ತದೆ. ಡಯರ್‌ನನ್ನು ಹುದ್ದೆಯಿಂದ ಇಳಿಸಿದಾಗ ಬ್ರಿಟಿಷ್ ಪತ್ರಿಕೆಯೊಂದು ಅವನಿಗಾಗಿ ನಿಧಿ ತೆರೆಯಿತು. 26,000 ಪೌಂಡ್ ಸೇರಿತು, ಹೆಚ್ಚಿನದು ಸಾಮಾನ್ಯರು ಕಳುಹಿಸಿದ ಸಣ್ಣ ಮೊತ್ತಗಳು. ಕ್ಯಾಲಿಗೆ ಶಿಕ್ಷೆಯಾದಾಗ ಅವನನ್ನು ಬಿಡಿ ಎಂದು ಶ್ವೇತಭವನಕ್ಕೆ ತಂತಿಗಳ ಮಳೆ ಸುರಿಯಿತು. ಇನ್ನೊಂದು ಬಗೆಯವರೂ ಇದ್ದರು. ಇಪ್ಪತ್ತರ ಹರೆಯದಲ್ಲಿ ಅಣ್ಣನ ಜೊತೆ ಕಾರವಾರದಲ್ಲಿ ಕೆಲವು ತಿಂಗಳು ಕಳೆದ, ನಿಮ್ಮ ಕಡಲತೀರಕ್ಕೆ ಈಗ ಹೆಸರು ಕೊಟ್ಟಿರುವ ರವೀಂದ್ರನಾಥ ಠಾಕೂರರು, 1919ರ ಮೇ ಕೊನೆಯಲ್ಲಿ ವೈಸರಾಯ್‌ಗೆ ಪತ್ರ ಬರೆದು ತಮ್ಮ ನೈಟ್ ಪದವಿಯನ್ನು ಹಿಂದಿರುಗಿಸಿದರು. ಅಮೃತಸರದಲ್ಲಿ ನಡೆದದ್ದಕ್ಕೆ ಅವರು ಯಾವ ರೀತಿಯಲ್ಲೂ ಹೊಣೆಗಾರರಾಗಿರಲಿಲ್ಲ. ಕೊಟ್ಟವರ ಕೈಯಲ್ಲಿ ರಕ್ತವಿದ್ದಾಗ ಬಿರುದನ್ನು ಇಟ್ಟುಕೊಳ್ಳುವುದು ಅವರಿಗೆ ಆಗಲಿಲ್ಲ.

ಹುಡುಗನಿಗೆ ಹೇಳಬೇಕೇ ಎಂದು ಕೇಳಿದ್ದೀರಿ. ಹೇಳಿ, ಹೊರಡುವ ಮುನ್ನವೇ ಹೇಳಿ. ತರಬೇತಿಯಲ್ಲಿ ಜಿನೀವಾ ಒಪ್ಪಂದಗಳ ಪಾಠ ಇರುತ್ತದೆ, ಆದರೆ ಆ ಪಾಠ ಕೇಳುವಾಗ ಅವನು ದಣಿದಿರುತ್ತಾನೆ. ಉಪಯೋಗಕ್ಕೆ ಬರುವ ಒಂದೆರಡು ಸಂಗತಿಗಳು: ಸಂಶಯ ಹುಟ್ಟಿಸುವ ಹುಕುಂ ಕೇಳಿದಾಗ ತಕ್ಷಣ ಎದುರು ನಿಲ್ಲುವ ಮೊದಲು, ಅದನ್ನು ಗಟ್ಟಿಯಾಗಿ, ಪೂರ್ತಿ ಶಬ್ದಗಳಲ್ಲಿ ಮರಳಿ ಹೇಳಿ ಖಚಿತಪಡಿಸಿಕೊಳ್ಳುವುದು. ಈ ಮಕ್ಕಳ ಮೇಲೆ ಗುಂಡು ಹಾರಿಸಬೇಕೇ ಸಾಹೇಬರೇ ಎಂದು ಹತ್ತು ಮಂದಿಯ ಎದುರು ಕೇಳಿದರೆ ಬಹಳಷ್ಟು ಹುಕುಮುಗಳು ಅಲ್ಲಿಯೇ ಬದಲಾಗುತ್ತವೆ. ಅವಸರದಲ್ಲಿ ಕೊಟ್ಟವನಿಗೂ ತಾನೇನು ಹೇಳಿದೆ ಎಂಬುದು ಆಗಲೇ ಕಿವಿಗೆ ಬೀಳುವುದು. ಸೇನಾ ಕಾಯ್ದೆಯ 26ನೇ ಕಲಮು, ಮೇಲಿನವರಿಂದ ತನಗೆ ಅನ್ಯಾಯವಾಯಿತು ಎನಿಸಿದರೆ ಸೈನಿಕ ದೂರು ಕೊಡುವ ದಾರಿ ಹೇಳುತ್ತದೆ. ಹುಕುಂ ನಿರಾಕರಿಸಿದ್ದಕ್ಕೆ ಕಿರುಕುಳವಾದರೆ ಅದು ನೆನಪಿರಲಿ. ನೋಡಿದ್ದನ್ನು ಅದೇ ದಿನ ದಿನಾಂಕ, ಸಮಯ, ಜಾಗದ ಸಮೇತ ಮೇಲಧಿಕಾರಿಗೆ ವರದಿ ಮಾಡುವುದು ಕೃಪನಾಗದಿರಲು ಇರುವ ಅತ್ಯಂತ ಸಾದಾ ಉಪಾಯ.

ಅವನಿಗೆ ಪೆಲಿಯಸ್‌ನ ಲೆಂಟ್ಸ್‌ನ ಕಥೆ ಹೇಳಿ. ಜೊತೆಗೆ ಹ್ಯೂ ಥಾಂಪ್ಸನ್‌ನದನ್ನೂ ಹೇಳಿ. ಮೈ ಲಾಯ್‌ನ ಮೇಲೆ ಹೆಲಿಕಾಪ್ಟರ್ ಹಾರಿಸುತ್ತಿದ್ದ ಅವನು, ಬಂಕರಿನಲ್ಲಿ ಅಡಗಿದ್ದ ಹಳ್ಳಿಗರಿಗೂ ಅವರತ್ತ ಬರುತ್ತಿದ್ದ ತನ್ನದೇ ಸೇನೆಯವರಿಗೂ ನಡುವೆ ಇಳಿದ. ಇವರು ಹಳ್ಳಿಗರ ಮೇಲೆ ಗುಂಡು ಹಾರಿಸಿದರೆ ನೀವು ಇವರ ಮೇಲೆ ಹಾರಿಸಿ ಎಂದು ತನ್ನ ಇಬ್ಬರು ಜೊತೆಗಾರರಿಗೆ ಹೇಳಿ ಕೆಳಗಿಳಿದು ಹೋದ. ಯಾರೂ ಗುಂಡು ಹಾರಿಸಲಿಲ್ಲ. ಅವನು ಅದೇ ದಿನ ವರದಿಯನ್ನೂ ಮಾಡಿದ. ಊರಿಗೆ ಮರಳಿದ ಮೇಲೆ ಅವನಿಗೆ ಕೊಲೆ ಬೆದರಿಕೆಗಳು ಬಂದವು, ಸಂಸದನೊಬ್ಬ ಶಿಕ್ಷೆಯಾಗಬೇಕಾದದ್ದು ಇವನಿಗೆ ಎಂದ. ಅಂದಿನ ಕೆಲಸವನ್ನು ಮೆಚ್ಚಿ ಸೋಲ್ಜರ್ಸ್ ಮೆಡಲ್ ಕೊಟ್ಟದ್ದು 1998ರಲ್ಲಿ, 30 ವರ್ಷಗಳ ನಂತರ. ಆ 30 ವರ್ಷಗಳನ್ನು ಹುಡುಗನಿಂದ ಮುಚ್ಚಿಡಬೇಡಿ.